ತಳ ನೆಗ್ಗಿದ ಡಬ್ಬ

ಗುರುವಾರ ಅಂದರೆ ಮೀನಿನ ವಾಸನೆ.
ಕಿಸುಮುವಿನ ದಂಡೆಯಲ್ಲಿ, ಸರೋವರಕ್ಕೆ ಬೆನ್ನು ಹಾಕಿದ
ತಗಡಿನ ಶೆಡ್ಡಿನೊಳಗೆ
ಬುಟ್ಟಿ ಬೋರಲು ಹಾಕಿದರೆ ಅದೇ ನಮ್ಮ ಬೆಂಚು.
ನಾವು ಐದು ಜನ, ಒಚೋಲ ಬಂದ ದಿನ ಆರು.
ಹದಿನೇಳೋ ಹತ್ತೊಂಬತ್ತೋ ವಯಸ್ಸು.
ಎಲ್ಲರ ಜೇಬಿನಲ್ಲೂ ಫೋನು,
ಫೋನಿನೊಳಗೇ ಪರ್ಸು,
ಪರ್ಸಿನೊಳಗೆ ತೂತು.

ನ್ಯಾಬೆರಾ ಟೀಚರಲ್ಲ. ಒಮೇನ ಮಾರುವವಳು,
ಕಿರುಬೆರಳುದ್ದದ ಬೆಳ್ಳಿ ಮೀನನ್ನು
ಹಳೆಯ ಬಲೆಯ ಮೇಲೆ ಒಣಗಿಸಿ
ಗೊರೊಗೊರೊ ಡಬ್ಬದಲ್ಲಿ ಅಳೆದು ಸುರಿಯುವವಳು.
'ಯುವಜನರಿಗೆ ಹಣದ ಪಾಠ' ಎಂದು
ಚರ್ಚಿನವರು ಬೋರ್ಡು ಬರೆಸಿ ಕೊಟ್ಟಿದ್ದರು.
ಅವಳು ಅದನ್ನು ಅಡ್ಡ ಮಲಗಿಸಿ
ಮೀನಿಗೆ ನೆರಳು ಮಾಡಿದ್ದಳು.

ಮೊದಲ ವಾರ ಕೇಳಿದ್ದು ಇಷ್ಟೇ:
ನಿನ್ನೆ ಎಷ್ಟು ಬಂತು? ಎಲ್ಲಿ ಹೋಯಿತು?
ನಾನು ಎರಡು ತಲೆ ಹೆಣೆದಿದ್ದೆ, ಆರುನೂರು ಶಿಲ್ಲಿಂಗ್.
ಅಮ್ಮನ ಕೈಗೆ ನೂರು. ಚಪಾತಿ. ಡೇಟಾ.
ಉಗುರಿಗೆ ನೇರಳೆ ಬಣ್ಣ. ಆಮೇಲೆ…
ಆಮೇಲೆ…
"ಆ ಆಮೇಲೆಗೆ ಎಷ್ಟು ಕೊಟ್ಟೆ?" ಅಂದಳು.
ಕೂಡಿ ಕಳೆದು ನೋಡಿದರೆ ನೂರಾ ಎಂಬತ್ತು,
ಹೆಸರೇ ಇಲ್ಲದೆ ಸತ್ತು ಹೋಗಿತ್ತು.
"ಹೆಸರಿಡು ಮಗಳೇ,
ಹೆಸರಿಲ್ಲದ್ದಕ್ಕೆ ಅಳುವುದಕ್ಕೂ ಬರುವುದಿಲ್ಲ."

ಮಳೆ ನಿಂತ ಮೇಲಿನ ಒಂದು ಗುರುವಾರ
ಒಚೋಲ ನಡೆದುಕೊಂಡು ಬಂದ.
ಬಾಡಿಗೆ ಬೈಕನ್ನು ಮಾಲೀಕ ಕಸಿದುಕೊಂಡಿದ್ದ.
ಶನಿವಾರ ರಾತ್ರಿ, ಅವನು ಕಂಡೇ ಇರದ ಊರಿನ ತಂಡವೊಂದು
ಅವನ ದುಡ್ಡಿನ ಮೇಲೆ ಸೋತಿತ್ತು.
ಹನ್ನೊಂದು ಗಂಟೆಗೆ ಫೋನು ಸಾಲ ಕೊಟ್ಟಿತ್ತು,
ಸಹಿ ಇಲ್ಲ, ಸಾಕ್ಷಿ ಇಲ್ಲ, ಮುಖ ನೋಡುವ ಹಂಗಿಲ್ಲ.
"ಎರಡು ಸಾವಿರಕ್ಕೆ ಬರೀ ಮುನ್ನೂರು ಜಾಸ್ತಿ," ಅಂದ.
"ವರ್ಷಕ್ಕೋ?"
"ಹದಿನಾಲ್ಕು ದಿನಕ್ಕೆ."

ನ್ಯಾಬೆರಾ ಬಯ್ಯಲಿಲ್ಲ.
ಎರಡು ಡಬ್ಬ ತಂದಿಟ್ಟಳು,
ಒಂದೇ ಎತ್ತರ, ಒಂದೇ ಬಾಯಿ.
"ಯಾವುದರಲ್ಲಿ ಕೊಳ್ಳುತ್ತೀಯ?"
ಅವನು ಹೊಳೆಯುವುದನ್ನು ತೋರಿಸಿದ.
ತುಂಬಿದಳು. ಗೋಪುರವಾಗುವಷ್ಟು ತುಂಬಿ
ಕೈಯಿಂದ ಸವರಿ
ಇನ್ನೊಂದಕ್ಕೆ ಸುರಿದಳು.
ಎರಡು ಬೆರಳು ಕಡಿಮೆ ಬಂತು.
ಹೊಳೆಯುವ ಡಬ್ಬ ಮಗುಚಿದಳು:
ತಳ ಒಳಕ್ಕೆ ನೆಗ್ಗಿತ್ತು, ಸುತ್ತಿಗೆಯ ಏಟು,
ಅಂಗೈಯಷ್ಟು ಗುಂಡಗೆ.
"ಬಾಯಿ ನೋಡಿ ಕೊಂಡೆ. ತಳ ಮುಟ್ಟಲಿಲ್ಲ."

"ಯಾರದು ಈ ಡಬ್ಬ?" ಕೇಳಿದ್ದು ಅದೋಂಗೊ.
ನ್ಯಾಬೆರಾ ಸೆರಗಿಲ್ಲದ ಭುಜವನ್ನು
ಒಮ್ಮೆ ಒರೆಸಿಕೊಂಡಳು, ಏನೋ ಅಂಟಿದ ಹಾಗೆ.
"ನನ್ನದೇ. ಆರು ವರ್ಷ ಮಾರಿದೆ ಇದರಲ್ಲಿ.
ದೊಡ್ಡವಳ ಶಾಲೆಯ ಫೀಸು
ಈ ಗುಳಿಯಿಂದಲೇ ಹುಟ್ಟಿತು."

ತಗಡಿನ ಮೇಲೆ ಕಾಗೆ ನಡೆಯುವ ಸದ್ದು.

ಅದೋಂಗೊ ಎದ್ದಳು.
ಅವಳ ತಾಯಿ ಇಲ್ಲೇ ಕೊಳ್ಳುತ್ತಿದ್ದಳು, ವಾರವಾರ,
ಏಳು ಬಾಯಿಗೆ ಒಂದು ಡಬ್ಬ.
ಎರಡು ಬೆರಳಿನಷ್ಟು ಮೀನು ತೆಗೆದು
ತಲೆವಸ್ತ್ರದ ತುದಿಗೆ ಗಂಟು ಹಾಕಿ
ಹೊರಟೇ ಹೋದಳು.
ನ್ಯಾಬೆರಾ ತಡೆಯಲಿಲ್ಲ.
ಮುಂದಿನ ಗುರುವಾರ ಬಂದಳು,
ಮೊದಲು ಗಂಟು ಕಟ್ಟಿಕೊಂಡಳು,
ಆಮೇಲೆ ಬುಟ್ಟಿಯ ಮೇಲೆ ಕೂತಳು.
ಅದರ ಮುಂದಿನ ವಾರವೂ.
ಗೋಡೆಯಲ್ಲಿ ಇದ್ದಿಲಿನ ಗೀಟುಗಳು ಬೆಳೆಯುತ್ತಿವೆ,
ಎಳೆದವರು ಯಾರೆಂದು ನಾವು ಕೇಳಿಲ್ಲ.

ಒಚೋಲ ಇನ್ನೂ ತೀರಿಸುತ್ತಿದ್ದಾನೆ.
ಮೊನ್ನೆ ಮತ್ತೆ ಪಂಥ ಕಟ್ಟಿದನಂತೆ,
"ಐವತ್ತೇ," ಅಂದ. ಯಾರೂ ನಗಲಿಲ್ಲ.

ನಿನ್ನೆ ರಾತ್ರಿ ನನಗೂ ಬಂತು:
ಅಭಿನಂದನೆ, ನಿಮಗಾಗಿ ಐದು ಸಾವಿರ ಸಿದ್ಧ.
ನನ್ನದೇ ಒಂದು ಸಲೂನು, ಒಂದು ಕನ್ನಡಿ,
ತಿರುಗುವ ಕುರ್ಚಿ,
ಎಲ್ಲ ಆ ಬೆಳಕಿನಲ್ಲಿ ಒಂದು ಸುತ್ತು ತಿರುಗಿದವು.
ಫೋನನ್ನು ಮಗುಚಿ
ಹೆಬ್ಬೆರಳಿನಿಂದ ಬೆನ್ನು ತಡವಿದೆ.
ನುಣ್ಣಗಿತ್ತು.
ಎಲ್ಲೂ ನೆಗ್ಗಿರಲಿಲ್ಲ.
ಹೆದರಿಕೆಯಾಗಿ
ಬೋರಲೇ ಇಟ್ಟು ಮಲಗಿದೆ.