ಆರು ಗೆರೆಯವನು

ಶಿಡ್ಲಘಟ್ಟದಲ್ಲಿ ಸಮುದ್ರ ಇರುವುದು ಒಂದೇ ಕಡೆ:
ಗೂಡಿನ ಮಾರ್ಕೆಟ್ಟಿನ ಹಿಂದಿನ ಬೀದಿ, ಮೊದಲ ಮಹಡಿ,
ಡಾಕ್ಟರ್ ಪುಷ್ಪದಂತರ ಹಲ್ಲಿನ ಕ್ಲಿನಿಕ್ಕಿನಲ್ಲಿ
(ಹೆಸರು ಅವರ ತಾತ ಇಟ್ಟದ್ದು, ನಗಬೇಡಿ)
ಕಾಯುವವರ ಬೆಂಚಿನೆದುರು,
ನಾಲ್ಕಡಿ ಉದ್ದ, ಎರಡಡಿ ಆಳ.

ಬೋರಿನ ನೀರನ್ನು ಸೋಸಿ, ಮತ್ತೆ ಸೋಸಿ,
ನಮ್ಮ ಹಲ್ಲಿಗೆಲ್ಲ ಕಂದು ಗೆರೆ ಬರೆದ ಅದರ ಗುಣ ಕಳೆದು
ಉಪ್ಪು ತೂಗಿ ಕಲಸುವವಳು ನಾನು.
ನಾಲಗೆಗೆ ಹಚ್ಚಿ ಹೇಳಬಲ್ಲೆ,
ಇವತ್ತು ಸಮುದ್ರಕ್ಕೆ ಒಂದು ಚಿಟಿಕೆ ಜಾಸ್ತಿ.
ನಿಜವಾದದ್ದನ್ನು ಇನ್ನೂ ನೋಡಿಲ್ಲ.

ಅದರೊಳಗೆ ಅವನು. ಕಿರುಬೆರಳುದ್ದ.
ಕಿತ್ತಳೆ ಮೈಗೆ ನೀಲಿ ಗೆರೆ ಆರು, ಬಾಲ ಹಸಿರು.
ಎರಡು ತಿಂಗಳಲ್ಲಿ ಮೂರು ಹೊಸ ಮೀನುಗಳನ್ನು
ಅಟ್ಟಿ ಅಟ್ಟಿ ಮೂಲೆಗೊತ್ತಿ ಕೊಂದ.
ಸತ್ತ ಮೇಲೆ ಮುಟ್ಟಲೂ ಇಲ್ಲ.

ಡಾಕ್ಟರು ತೋಳು ಮಡಚಿ ಬಲೆ ಇಳಿಸಿದರು,
ಬುದ್ಧಿಹಲ್ಲನ್ನು ಸದ್ದಿಲ್ಲದೆ ಕೀಳುವ ಕೈ.
ಟಕ್ ಅಂತು.
ಕೊಂಬೆಹವಳದ ತುದಿ, ಅರ್ಧ ಇಂಚು, ಒಂದು ವರ್ಷ,
ಮರಳಿಗೆ ಬಿತ್ತು.
ಟ್ರೇಯಲ್ಲಿಟ್ಟು ಬಹಳ ಹೊತ್ತು ನೋಡಿದರು,
ಯಾರದೋ ಒಳ್ಳೆಯ ಹಲ್ಲನ್ನು ತಪ್ಪಿ ಕಿತ್ತವರಂತೆ.
ಕಲ್ಲು ಎತ್ತುವ ಹಾಗಿಲ್ಲ, ಕಲ್ಲಿಗೆ ಕಲ್ಲನ್ನು
ಹವಳವೇ ಬೆಸೆದುಬಿಟ್ಟಿದೆ.
ಫರ್ಜಾನಾ, ನೀನೇ ಏನಾದರೂ ಮಾಡು, ಅಂದರು.

ನೀರಿನ ಬಾಟಲಿಯ ಕತ್ತು ಕೊಯ್ದು, ಒಳಮುಖ ತಿರುಗಿಸಿ
ಸಿಗಡಿ ಚೂರಿಟ್ಟೆ. ಬೇಡದವರೆಲ್ಲ ಬಂದರು:
ಸನ್ಯಾಸಿ ಏಡಿ, ಎರಡು ಬಸವನಹುಳು.
ಅವನು ಬಾಯಿಯ ತನಕ ಬಂದ,
ಒಂದು ಕಣ್ಣು ಬಾಟಲಿಗೆ, ಒಂದು ಕಣ್ಣು ನನಗೆ.
ಹೊರಗಿನಿಂದಲೇ ಓದಿಕೊಂಡು ಹೋದ.

ಗಲ್ಲ ಊದಿಸಿಕೊಂಡು ಕೂತಿದ್ದ ಚೌಡರೆಡ್ಡಿ
'ಗಾಳ ಹಾಕಮ್ಮಾ, ಅದೇನು ಮಹಾ' ಅಂದವರು
ಗಾಳ ಅನ್ನುವಾಗಲೇ ಗಲ್ಲ ಹಿಡಿದುಕೊಂಡರು.

ಕೆಂಪು ಬೆಳಕು ಮೀನಿಗೆ ಕಾಣುವುದಿಲ್ಲವಂತೆ.
ರಾತ್ರಿ ಒಂಬತ್ತಕ್ಕೆ, ಷಟರ್ ಅರ್ಧ ಎಳೆದು,
ಟಾರ್ಚಿಗೆ ಕೆಂಪು ಕಾಗದ ಸುತ್ತಿ ಬಗ್ಗಿದೆ.
ಬಿರುಕಿನಲ್ಲಿ ಮಲಗಿದ್ದ,
ತಾನೇ ಬಿಟ್ಟ ಲೋಳೆಯ ತೆಳು ಪರೆಯೊಳಗೆ.
ಉಸಿರಿಗೊಮ್ಮೆ ಪರೆ ನಡುಗುತ್ತಿತ್ತು.

ಗೂಡು.
ಯಾ ಅಲ್ಲಾ, ಇವನೂ ಗೂಡು ಕಟ್ಟುತ್ತಾನೆ.

ಹನ್ನೊಂದು ತುಂಬುವ ಮೊದಲೇ
ಕುದಿವ ಬಾಂಡ್ಲಿಯ ಮುಂದೆ ಕೂತವಳು ನಾನು.
ಬೆರಳ ತುದಿ ಬೆಂದು ಬಿಳಿಚಿ, ಎಳೆಯ ತುದಿ ಹುಡುಕಿ,
ಹರಿಯದ ಹಾಗೆ ಚರಕಕ್ಕೆ ಕೊಟ್ಟವಳು.
ಒಳಗಿದ್ದವರನ್ನು ಕೇಳಿದವಳಲ್ಲ.
ಎಳೆ ಮುಗಿದ ಮೇಲೆ ಉಳಿಯುವ ಕಂದು ಹುಳ ಬುಟ್ಟಿಗೆ,
ಬುಟ್ಟಿ ಕೋಳಿಫಾರಮ್ಮಿಗೆ.
ಎರಡು ಬೆರಳು ಸಾಕಿತ್ತು ಆ ರಾತ್ರಿ.
ಟಾರ್ಚು ಆರಿಸಿದೆ.
ಕರುಣೆ ಅನ್ನಬೇಡಿ. ಕೈ ಹೋಗಲಿಲ್ಲ, ಅಷ್ಟೆ.

ಬಾಟಲಿ ಅಲ್ಲೇ ಬಿಟ್ಟೆ. ಊಟ ಅದರೊಳಗೆ ಮಾತ್ರ.
ನಾನು ಎದುರು ನಿಲ್ಲದೆ ಚೀಟಿ ಬರೆದೆ,
ಬಾಯಿ ಮುಕ್ಕಳಿಸುವ ಲೋಟ ಜೋಡಿಸಿದೆ.
ಬಾಟಲಿಯ ಅಂಚಿಗೆ ವಸಡು ಹೊಲಿಯುವ ಕಪ್ಪು ದಾರ,
ಅದೂ ರೇಷ್ಮೆಯೇ, ಪೊಟ್ಟಣದ ಮೇಲೆ ದೂರದೂರಿನ ವಿಳಾಸ;
ಯಾರ ಬಾಂಡ್ಲಿಯಿಂದ ಹೊರಟದ್ದೋ.

ಹತ್ತನೆಯ ದಿನ ಒಳಗೆ ಹೋಗಿ ಹೊರಗೆ ಬಂದ. ಎಳೆಯಲಿಲ್ಲ.
ಮರುದಿನ ಒಳಗೇ ನಿಂತು ತಿಂದ. ಎಳೆಯಲಿಲ್ಲ.
ಹನ್ನೆರಡಕ್ಕೆ, ಒಳಕೋಣೆಯಲ್ಲಿ ಡ್ರಿಲ್ಲು ಕಿರುಚುವಾಗ,
ಬೆರಳಿಗೆ ಹಳೆಯ ಕೆಲಸ ನೆನಪಾಯಿತು:
ಜೋರಾಗಿ ಅಲ್ಲ, ನಿಲ್ಲಿಸಿಯೂ ಅಲ್ಲ.
ಬಾಟಲಿ ಕೊಂಬೆಗಳ ನಡುವಿನಿಂದ ಎದ್ದು ಬಂತು.
ಒಂದು ಹವಳವೂ ಬಾಯಿ ಮುಚ್ಚಿಕೊಳ್ಳಲಿಲ್ಲ.

ಈಗ ಅವನಿಗೆ ಬೇರೆ ಗಾಜಿನ ಮನೆ,
ನನ್ನ ಮೇಜಿನ ಮೇಲೆ, ಅಟ್ಟಲು ಯಾರೂ ಇಲ್ಲ.
ಬೆಳಿಗ್ಗೆ ಬಂದರೆ ಹರಿದ ಪರೆಯೊಂದು ತೇಲುತ್ತಿರುತ್ತದೆ.
ತೆಗೆದು ಚೆಲ್ಲುವ ಮೊದಲು
ಎರಡು ಬೆರಳ ನಡುವೆ ತಿಕ್ಕಿ ನೋಡುತ್ತೇನೆ.
ಎಳೆ ಬರುವುದಿಲ್ಲ.