ಹರಿದಿದೆ ಎಂದು ಕೂಗಿದವರು ಯಾರು

ಪೋರ್ತೊದ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಮೇಣದಲ್ಲಿ ಕೂರಿಸಿದ ಮಾಂಸವನ್ನು
ಕೂದಲಿಗಿಂತ ತೆಳ್ಳಗೆ ಸೀಳುವುದು ನನ್ನ ಕಸುಬು.
ಇಪ್ಪತ್ತಮೂರು ವರ್ಷ. ಕಣ್ಣಿಗಿಂತ ಮೊದಲು ಕಿವಿ ಓದುತ್ತದೆ:
ಯಕೃತ್ತು ಸದ್ದಿಲ್ಲದೆ ಜಾರುತ್ತದೆ,
ಮೇದೋಜೀರಕದ ಈ ಗಡ್ಡೆ ಮಾತ್ರ
ಅಲಗಿನ ಕೆಳಗೆ ಕರಕರ,
ಸರಿಯಾಗಿ ತೊಳೆಯದ ಚಿಪ್ಪುಮೀನಿನಲ್ಲಿ
ಹಲ್ಲಿಗೆ ಮರಳು ಸಿಕ್ಕ ಹಾಗೆ.

ಬಣ್ಣ ಹಾಕಿದೆ. ನಾರಿಗೆ ನೀಲಿ, ಮಿಕ್ಕದ್ದಕ್ಕೆ ಕೆಂಪು.
ಗಾಜೆಲ್ಲ ಕಡಲು.
ಅಲ್ಲೊಂದು ಇಲ್ಲೊಂದು ಕೆಂಪು ನಡುಗಡ್ಡೆ.
ಗಡ್ಡೆ ಎಂದು ನಾವು ಹೆದರುವುದರಲ್ಲಿ
ಕ್ಯಾನ್ಸರ್ ಅಷ್ಟೇ, ಆ ನಾಲ್ಕಾರು ದಿಬ್ಬ.
ಉಳಿದವರೆಲ್ಲ ಮೈಯ ಸ್ವಂತ ಆಳುಗಳು,
ಗಾಯ ಮುಚ್ಚುವವರು, ಒಳ್ಳೆಯವರು,
ಯಾರೋ ಹರಿದಿದೆ ಎಂದು ಕೂಗಿದ್ದಕ್ಕೆ
ದಾರ ಹಿಡಿದು ಓಡಿಬಂದವರು.
ಆ ಕೂಗು ಇನ್ನೂ ನಿಂತಿಲ್ಲ.

ಗಡ್ಡೆಯ ಒಡೆಯ ಬೆಲ್ಮಿರೊ, ಹೊಳೆಯಾಚೆಯ ಅಫುರಾದದವನು,
ಬಲೆ ಹೆಣೆಯುವವನು.
ಹೊಲಿಗೆ ಬಿಚ್ಚಿದ ಹದಿನೈದನೇ ದಿನ
ಲಿಫ್ಟು ತಪ್ಪಿ ಬಂದವನ ಹಾಗೆ ಬಾಗಿಲಲ್ಲಿ ನಿಂತ:
‘ನನ್ನೊಳಗಿಂದ ತೆಗೆದದ್ದು ನನಗೂ ಒಂದು ಸಲ ಕಾಣಲಿ.’
ನಿಯಮವಿಲ್ಲ. ಸ್ಟೂಲು ಎಳೆದು ಕೊಟ್ಟೆ.

ಬಹಳ ಹೊತ್ತು ನೋಡಿದ. ಉಸಿರಿಗೆ ಮಸೂರ ಮಂಜಾಯಿತು.
‘ಗಂಟು ಚೆನ್ನಾಗಿವೆ’ ಅಂದ.
‘ಕದಿಯುವವನ ಕೈಯಲ್ಲ ಇದು, ದೋನಾ ಲಿಯೊಕಾದಿಯಾ.
ಕೂಲಿಯವನ ಕೈ. ಕತ್ತಲಲ್ಲಿ ಕೂತು ಹೆಣೆದಿದ್ದಾನೆ ಪಾಪ,
ಯಾರ ದೋಣಿಗೆ ಎಂದು ಕೇಳಿಲ್ಲ.’

ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ಕೇಳಿದ್ದೇವೆ.
ಇಲ್ಲಿ ಕಳ್ಳನ ಸುತ್ತ ಬೇಲಿ ಎದ್ದಿದೆ,
ರಕ್ತನಾಳಗಳನ್ನು ಹಿಸುಕಿ ಮಲಗಿಸಿದೆ,
ತೋಳಿನಲ್ಲಿ ಇಳಿಸುವ ಮದ್ದು
ಊರೆಲ್ಲ ಸುತ್ತುತ್ತದೆ, ಕೂದಲು ಉದುರಿಸುತ್ತದೆ,
ಬರಬೇಕಾದ ಬಾಗಿಲಿಗೆ ಬಾರದು.
ಕಳ್ಳ ಹಸಿದರೆ ಈ ಆಳುಗಳೇ
ತಮ್ಮ ತಟ್ಟೆಯದನ್ನು ದಾಟಿಸುತ್ತಾರಂತೆ.

‘ಹಾಗಾದರೆ ಬಲೆ ಕತ್ತರಿಸಿಬಿಡಿ.’

ಕತ್ತರಿಸಿ ನೋಡಿದರು, ಬೆಲ್ಮಿರೊ. ಇಲಿಗಳಲ್ಲಿ.
ನೀಲಿ ಕರಗಿತು. ಎಲ್ಲರೂ ಒಂದು ಗುಟುಕು ಕುಡಿದಿರಬೇಕು ಆ ಸಂಜೆ.
ಆಮೇಲೆ ಇಲಿಗಳು ಬೇಗ ಬೇಗ ಸತ್ತವು.
ಬಲೆ ಮದ್ದನ್ನು ತಡೆದಿತ್ತು ನಿಜ,
ಒಳಗಿನದನ್ನೂ ಹಿಡಿದಿತ್ತು.

ಅವನು ನಗಲಿಲ್ಲ. ಬೆರಳುಗಳು ಮಾತ್ರ
ಇಲ್ಲದ ದಾರವನ್ನು ಎಳೆದು ಗಂಟು ಹಾಕುತ್ತಿದ್ದವು.

ಇನ್ನೊಂದು ಗಾಜು ತೆಗೆದೆ, ಬೇರೆ ಯಾರದೋ, ರೋಗವಿಲ್ಲದ್ದು.
ನೋಡು, ನಕ್ಷತ್ರದಾಕಾರದ ಇವರೇ ಆ ನೇಕಾರರು,
ಕರೆ ಬರುವ ಮುಂಚೆ.
ಒಬ್ಬೊಬ್ಬರ ಒಡಲಲ್ಲೂ ಎಣ್ಣೆಯ ಹನಿ,
ಗಜ್ಜರಿಯಲ್ಲಿರುವ, ಮೀನೆಣ್ಣೆಯಲ್ಲಿರುವ ಅದೇ ಸತ್ವ.
ಗಾಬರಿಯಾದರೆ ಎಣ್ಣೆ ಚೆಲ್ಲಿ ದಾರ ಹಿಡಿಯುತ್ತಾರೆ.
ಆ ಹನಿಯನ್ನು ತಿರುಗಿ ಕೊಟ್ಟರೆ ಸುಮ್ಮನಾದಾರೇ ಎಂದು
ಕೆಲವರು ಹುಡುಕುತ್ತಿದ್ದಾರೆ. ಇನ್ನೂ ಹುಡುಕುತ್ತಿದ್ದಾರೆ.

‘ಅಜ್ಜಿ ಮೂಗು ಹಿಡಿದು ಕುಡಿಸುತ್ತಿದ್ದಳು ಮೀನೆಣ್ಣೆ.
ನಾನು ಕಿಟಕಿಯಿಂದ ಉಗಿಯುತ್ತಿದ್ದೆ’ ಅಂದ.
ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಹೇಳಿದೆ.
ನಂಬಿದನೋ ಇಲ್ಲವೋ.
ಹೋಗುವಾಗ ಸ್ಟೂಲನ್ನು ಇದ್ದ ಜಾಗಕ್ಕೇ ಸರಿಸಿದ.

ಮಾರ್ಚಿನಲ್ಲಿ ಮಗಳು ಇಡಾಲಿನಾ ಬಂದಳು, ಒಬ್ಬಳೇ,
ಕಾಗದದಲ್ಲಿ ಸುತ್ತಿದ ಮರದ ಬಲೆಸೂಜಿ ಹಿಡಿದು.
ನಾನೇನೂ ಕೇಳಲಿಲ್ಲ.

ಈಗ ಅದು ಅಲಗುಗಳ ಪಕ್ಕದಲ್ಲಿದೆ.
ಕೆಲಸಕ್ಕೆ ಬಾರದು, ಡಾಂಬರು ನಾರುತ್ತದೆ.
ನನ್ನ ಎಡಗೈ ತೋರುಬೆರಳಲ್ಲಿ
ಮೊದಲ ವರ್ಷ ಅಲಗು ಕೊಟ್ಟ ಬಿಳಿ ಗೆರೆ.
ಅಲ್ಲಿಗೂ ಅವರೇ ಬಂದಿದ್ದರು,
ಅದೇ ಆಳುಗಳು, ಅದೇ ದಾರ,
ಹತ್ತೋ ಹನ್ನೆರಡೋ ದಿನ ಹೆಣೆದು
ಒಂದು ಬೆಳಿಗ್ಗೆ ಎದ್ದು ಹೋದರು.

ಸಾಕು ಎಂದು
ಅವರ ಕಿವಿಯಲ್ಲಿ ಹೇಳಿದವರು ಯಾರೋ,
ನಾನಂತೂ ಅಲ್ಲ.