ಸೆಕೆಂಡ್ಸ್

ಅಥಣಿಯಿಂದ ರಾತ್ರಿಯಿಡೀ ಕೂತು ಬಂದ ಸೊಂಟ
ಇನ್ನೂ ಬಸ್ಸಿನಲ್ಲೇ ಉಳಿದಂತಿತ್ತು
ಪುಣೆ ದಾಟಿ ಚಾಕಣದ ಬಯಲಿನಲ್ಲಿ ಇಳಿದಾಗ.
ಕಂಪನಿಯ ತಂತಿಬೇಲಿಯಾಚೆ
ನಂಬರು ಬೀಳದ ಬೈಕುಗಳು ಸಾಲು ಸಾಲು,
ಹೆಸರಿಡುವ ಮೊದಲಿನ ಕೂಸುಗಳ ಹಾಗೆ.
ಈಚೆ, ಟ್ಯಾಂಕರು ನೀರು ಹೊಡೆದು ಕೂರಿಸಿದ ಧೂಳು,
ಜೆಸಿಬಿ ಎಬ್ಬಿಸಿದ ದಿಬ್ಬ, ಅದರಾಚೆ ಇನ್ನೊಂದು ದಿಬ್ಬ,
ತಿರುವಿನಲ್ಲಿ ಹಳೆ ಟೈರುಗಳ ಗೋಡೆ.

"ಮಾವಶಿ, ಇಲ್ಲೇ ನಿಲ್ಲು. ಹಗ್ಗ ದಾಟಬ್ಯಾಡ."
ತಂಗಿಯ ಮಗಳು ಕಸ್ತೂರಿ.
ಮೊಣಕಾಲಿಗೆ ಚಿಪ್ಪು, ಬೆನ್ನಿಗೆ ಚಿಪ್ಪು,
ಆಮೆಯಂಥ ಹುಡುಗಿ ಅಂದುಕೊಂಡೆ,
ಓಡಲು ಬಂದವಳಿಗೆ ಆಮೆ ಅಂದದ್ದಕ್ಕೆ ನಾನೇ ನಕ್ಕೆ.

ಮೈಕಿನವನು ಕೂಗಿದ: ಕಸ್ತೂರೀ ಹಿಪರ್ಗೇ!
ಅವಳಜ್ಜನ ಹಿಪ್ಪರಗಿ
ಮರಾಠಿಯ ಬಾಯಲ್ಲಿ ಅರ್ಧ ಸವೆದು ಹೊರಬಿತ್ತು.
ಬಾವುಟ ಬೀಸಿತು.
ಹನ್ನೆರಡು ಬೈಕು ಒಮ್ಮೆಲೇ ಗಂಟಲು ಹರಿದುಕೊಂಡವು.
ದಿಬ್ಬದ ತುದಿಯಲ್ಲಿ ಅವಳ ಜೊತೆ
ನನ್ನ ಹೊಟ್ಟೆಯೂ ಗಾಳಿಗೆದ್ದಿತು.
ಅವಳು ಇಳಿದಳು. ಅದು ಇಳಿಯಲಿಲ್ಲ.

ಆರು ಸುತ್ತು. ಮೂರನೆಯದರಲ್ಲಿ ಅವಳೇ ಮುಂದೆ.
ಐದರಲ್ಲೂ.
ಕೊನೆಯ ತಿರುವಿನಲ್ಲಿ ಹಸಿರು ಜರ್ಸಿಯ ಕೊಲ್ಹಾಪುರದ ಹುಡುಗಿ
ಒಳಗಿನಿಂದ ನುಸುಳಿದಳು,
ಸೂಜಿಯ ಕಣ್ಣಿಗೆ ದಾರ ಹೋದಷ್ಟು ಸಲೀಸು.
ಸೊನ್ನೆ ಚುಕ್ಕೆ ನಾಲ್ಕು ಸೆಕೆಂಡು, ಅಂತು ಬೋರ್ಡು.

ಹೆಲ್ಮೆಟ್ ತೆಗೆದಳು. ಎರಡು ಬಣ್ಣದ ಮುಖ:
ಕಣ್ಣ ಸುತ್ತ ಮಾತ್ರ ನಮ್ಮ ಮನೆತನ,
ಉಳಿದದ್ದೆಲ್ಲ ಚಾಕಣದ ಮಣ್ಣು.
ಅಳುತ್ತಾಳೇನೋ ಅಂತ ಸೆರಗು ಹಿಡಿದು ನಿಂತೆ.
ಹಸಿವಾಗೇದ ಅಂದಳು.

ವಡಾಪಾವ್ ಮುಗಿದ ಮೇಲೆ
ಅವಳ ಸ್ಕೂಟಿಯ ಹಿಂದೆ ಕೂತು ಹೈವೇ.
ಎರಡೂ ಬದಿ ಫ್ಯಾಕ್ಟರಿ ಔಟ್‌ಲೆಟ್ಟುಗಳು,
ಆನೆಗಾತ್ರದಲ್ಲಿ ಎಂಬತ್ತು ಪರ್ಸೆಂಟು,
ಅದರ ಕಾಲ ಬುಡದಲ್ಲಿ ಇರುವೆಯಂತೆ 'ವರೆಗೆ'.

ಒಳಗೆ ಹೋದರೆ, ನನ್ನ ಬಾಣಗಳು.
ಶರ್ಟು ಶರ್ಟಿಗೂ ಪುಟ್ಟ ಕೆಂಪು ಬಾಣದ ಸ್ಟಿಕರು:
ಇಲ್ಲಿ ನೂಲು ಬಿಟ್ಟಿದೆ, ಇಲ್ಲಿ ಕಾಜಾ ಕೊಂಕು.
ಇಚಲಕರಂಜಿಯಲ್ಲಿ ಹದಿನೇಳು ವರ್ಷ
ಇದೇ ಬಾಣ ಅಂಟಿಸಿದ ಹೆಬ್ಬೆರಳು ಇದು,
ದಿನಕ್ಕೆ ಆರುನೂರು ಶರ್ಟು.
ಸರಿ ಇದ್ದದ್ದನ್ನು ನೋಡಿದ ನೆನಪೇ ಇಲ್ಲ,
ದಾಟಿಸಿದ್ದೆ ಅಷ್ಟೆ.

"ಸೆಕೆಂಡ್ಸ್ ಮಾಲು, ಮೌಶಿ" ಅಂದ ಅಂಗಡಿಯ ಹುಡುಗ.
ಕಸ್ತೂರಿ ಒಂದು ಗಳಿಗೆ ಕತ್ತೆತ್ತಿದಳು.
ಮತ್ತೆ ಜೋಡಿ ತಪ್ಪಿದ ಗ್ಲೌಸುಗಳ ಬುಟ್ಟಿಗೆ ಕೈ ಹಾಕಿದಳು.
ಎಡಗೈವು ಮೂರು ಸಿಕ್ಕವು.
"ಕ್ಲಚ್ಚಿನ ಬೆರಳೇ ಮೊದಲು ಹರೀತಾವ, ಬಲಗೈ ಮನ್ಯಾಗ ಅದಾವ."

ಟ್ರಯಲ್ ರೂಮಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ.
ನಾನೇ ಅಡ್ಡ ನಿಂತೆ, ಕುಪ್ಪಸದ ಹುಕ್ಕು ಹಾಕಿಕೊಟ್ಟೆ.
ಹೆಗಲ ಮೂಳೆಯ ಮೇಲೆ ಒಂಬತ್ತು ಹೊಲಿಗೆ.
ಎಣಿಸಿದೆ. ಚಟ, ಏನು ಮಾಡಲಿ,
ಇಂಚಿಗೆ ಎಷ್ಟು, ಸಮ ಬಂದಿವೆಯೋ ಇಲ್ಲವೋ.
ಏಳನೆಯದು ಒಂಚೂರು ಎಳೆದಿತ್ತು.

"ಯಾವಾಗ?"
"ದೀಪಾವಳಿ ಮುಂದ. ಒಳಗ ಪ್ಲೇಟ್ ಅದ."
"ನಿಮ್ಮವ್ವಗ ಗೊತ್ತೈತಿ?"
"ನೀ ಹೇಳಿದರ ಗೊತ್ತಾಗ್ತದ."
ಕನ್ನಡಿಯಲ್ಲಿ ಇಬ್ಬರೂ
ಬೇರೆ ಬೇರೆ ಕಡೆ ನೋಡಿದೆವು.

ಮನೆಯವರಿಗೊಂದು ಶರ್ಟು ತೆಗೆದೆ, ಇನ್ನೂರ ಹತ್ತು.
ಎಡತೋಳು ಅರ್ಧ ಇಂಚು ಉದ್ದ.
ಹ್ಯಾಗೂ ತೋಳು ಮಡಚಿಕೊಳ್ಳುವ ಮನುಷ್ಯ.
ಕಾಲರಿನ ಹಿಂದೆ ಬಾಣ ಬೀಳದ ಎರಡು ತಪ್ಪು ತೋರಿಸಿ
ಮೂವತ್ತು ರೂಪಾಯಿ ಇಳಿಸಿದೆ.
ಕಸ್ತೂರಿ ಹೆಮ್ಮೆಯಿಂದ ಆ ಹುಡುಗನ ಮುಖ ನೋಡಿದಳು.

ಬಸ್ಸು ಸ್ವಾರಗೇಟು ಬಿಡುವಾಗ ತಂಗಿಯ ಫೋನು.
"ಹುಡುಗಿ ಹೆಂಗದಾಳ?"
ಎರಡನೇ ನಂಬರ ಬಂದಾಳ, ಅಂದೆ.
"ಮೈಯಾಗ ಆರಾಮ ಅದಾಳಿಲ್ಲೋ?"
ಕಿಟಕಿಯ ಗಾಜಿನಲ್ಲಿ ನನ್ನ ಕೈ ಕಂಡಿತು.
ಶರ್ಟಿನಿಂದ ಕಿತ್ತ ಬಾಣ
ಹೆಬ್ಬೆರಳ ಉಗುರಿಗೇ ಅಂಟಿಕೊಂಡಿತ್ತು,
ಫೋನು ಹಿಡಿದ ಕೈಯಲ್ಲಿ,
ನನ್ನ ಬಾಯಿಯ ಕಡೆ ಮುಖ ಮಾಡಿ.